ಮಾದರಿಯಲ್ಲಿ ಉಳಿದ ಐಸ್ ಶೆಡ್

ಐಸ್ ಶೆಡ್, ಬಂದರು ರಸ್ತೆ
ಫೆಬ್ರವರಿ 9

ಗುಬ್ಬೀ,

ನಿನ್ನ ಕಾಗದ ಬಂದು ತಿಂಗಳಾಯಿತು, ಅಕ್ಕ ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ. ಊದಿಸಿಕೋ. ಇಲ್ಲಿ ಊರಿಗೆ ಊರೇ ಊದಿಕೊಂಡಿದೆ. ಜಗತ್ತಿನ ದೊಡ್ಡ ಕ್ರೀಡಾಕೂಟ ನಮ್ಮೂರಿಗೇ ಸಿಕ್ಕಿತಲ್ಲ, ಮೂರು ವಾರದ ಆಟಕ್ಕೆ ಇಡೀ ಬಂದರನ್ನು ತಿಕ್ಕಿ ತೊಳೆಯುತ್ತಾರಂತೆ. ಈಜುಗಾರರು ನಮ್ಮ ಶೆಡ್ಡಿನ ಮುಂದೆಯೇ ಈಜುತ್ತಾರಂತೆ. ನಿನ್ನ ಭಾವ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ನೀರಲ್ಲಿ ಈಜಿದೋರಿಗೆ ಪದಕ ಅಲ್ಲ, ಇಂಜೆಕ್ಷನ್ ಕೊಡ್ಬೇಕು" ಎಂದರು.

ನಗು ಅಷ್ಟಕ್ಕೇ ನಿಂತಿತು. ಹೋದ ವಾರ ಅಳತೆಯವರು ಬಂದು ದಡದ ಮೇಲಿನ ಶೆಡ್ಡುಗಳಿಗೆಲ್ಲ ಕೆಂಪು ಗೀಟು ಎಳೆದು ಹೋದರು. ನಮ್ಮ ಗೋಡೆಗೂ ಎಳೆದರು. ನಾನು ಅವರ ಎದುರೇ ಸೀಮೆಎಣ್ಣೆ ಬಟ್ಟೆ ತಂದು ಒರೆಸಿದೆ. ಅವರ ಹಿಂದೆಯೇ ಜಾಗ ಖಾಲಿ ಮಾಡಿಸುವ ಕಂಟ್ರಾಕ್ಟರ್ ಬಂದ. ಮೀನಿನ ನೀರು, ಡೀಸೆಲ್ಲು, ಕೆಸರು ಹರಿಯುವ ಈ ಬೀದಿಗೆ ಬಿಳಿ ಬೂಟು ಹಾಕಿಕೊಂಡು ಬಂದ ಗಂಡಸನ್ನು ನಾನು ಇದೇ ಮೊದಲು ನೋಡಿದ್ದು. ಹಾಗಾಗಿ ಬೀದಿಯವರು ಅವನನ್ನು ಬಿಳಿ ಬೂಟು ಅಂತಲೇ ಕರೆಯುತ್ತಾರೆ. ಜೊತೆಗೆ ನಾಲ್ಕು ಜನ, ಯಾರಿಗೂ ಕುತ್ತಿಗೆ ಇಲ್ಲ, ಭುಜದ ಮೇಲೆ ನೇರ ತಲೆ.

"ಅಕ್ಕಾ, ಹೊಸ ಮಾರ್ಕೆಟ್ಟಲ್ಲಿ ಎರಡನೇ ಮಹಡೀಲಿ ಮಳಿಗೆ ಕೊಡ್ತೀವಿ. ಸೈನ್ ಹಾಕಿ, ಬೀಗದಕೈ ತಗೊಳ್ಳಿ" ಅಂದ.

"ದೋಣಿಗಳೂ ಮಹಡಿ ಹತ್ತಿ ಬರ್ತಾವಾ ಐಸ್ ತುಂಬಿಸ್ಕೊಳ್ಳೋಕೆ?" ಅಂತ ಕೇಳಿದೆ.

ಅವನು ನಕ್ಕ. ಹೋಗುವಾಗ ಹೊಸ್ತಿಲಲ್ಲಿ ಮಲಗಿದ್ದ ನಮ್ಮ ಬೆಕ್ಕನ್ನು ಬೂಟಿನಿಂದ ಒದ್ದ. ಸಿಟ್ಟಿನಿಂದಲ್ಲ, ದಾರಿಯಲ್ಲಿತ್ತು ಅಂತ ಅಷ್ಟೇ. ಅದರ ಬೆನ್ನು ಮುರಿಯಿತು. ಸಂಜೆಯವರೆಗೆ ಮುಂಗಾಲಲ್ಲಿ ತೆವಳಿ ಐಸ್ ಡಬ್ಬಿಗಳ ಸಂದಿಯಲ್ಲಿ ಸತ್ತಿತು.

ನಿನ್ನ ಭಾವ ಮಳಿಗೆ ತೆಗೆದುಕೊಂಡುಬಿಡೋಣ ಅನ್ನುತ್ತಾರೆ. ಅಪ್ಪ ಕಟ್ಟಿದ ಶೆಡ್ಡು ಇದು, ನನ್ನನ್ನು ಎತ್ತಿಕೊಂಡು ಹೋಗಬೇಕೇ ಹೊರತು ನಾನಾಗಿ ನಡೆದುಕೊಂಡು ಹೋಗುವುದಿಲ್ಲ. ನೀನು ಕೆಲಸ ಮಾಡುವ ಆಫೀಸಿನವರೇ ನಮ್ಮ ದಡದ ನಕ್ಷೆ ಬರೆಯುತ್ತಿದ್ದಾರೆ ಅಂತ ಪೇಪರಿನಲ್ಲಿತ್ತು. ನಿಜವಾ? ನಿಜವಾದರೆ ನಮ್ಮ ಶೆಡ್ಡು ಅದರಲ್ಲಿ ಇದೆಯಾ ನೋಡಿ ಬರೆ.

ನಿನ್ನ ಅಕ್ಕ


ಫೆಬ್ರವರಿ 21

ಅಕ್ಕಾ,

ಬೆಕ್ಕಿನ ವಿಷಯ ಓದಿ ಆ ದಿನ ಊಟ ಸೇರಲಿಲ್ಲ.

ಪೇಪರಿನವರು ಬರೆದದ್ದು ನಿಜ. ನಕ್ಷೆ ನಮ್ಮ ಆಫೀಸಿನದೇ. ಅದನ್ನು ನೋಡಿ ದಡದ ಪುಟ್ಟ ಮಾದರಿ ಮಾಡುವ ಕೆಲಸ ನನ್ನ ಮೇಜಿಗೇ ಬಂದಿದೆ. ನಮ್ಮ ಸರ್ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುವಷ್ಟು ಎತ್ತರ, ನಾವೆಲ್ಲ ಬೆನ್ನ ಹಿಂದೆ ಉದ್ದ ಸರ್ ಅನ್ನುತ್ತೇವೆ. ನಾನು ಆ ಊರಿನವಳು ಅಂತ ಅವರಿಗೆ ಹೇಳಿಲ್ಲ. ಹೇಳಿದರೆ ಇಷ್ಟು ದೊಡ್ಡ ಕೆಲಸ ಬೇರೆಯವರ ಕೈಗೆ ಹೋಗುತ್ತದೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ, ತಿಳಿದುಕೋ. ಹೊಸದಾಗಿ ಕಟ್ಟುವುದನ್ನೆಲ್ಲ ಬಿಳಿ ಹಲಗೆಯಲ್ಲಿ ಕತ್ತರಿಸುತ್ತೇವೆ. ಈಗ ಇದ್ದು ಮುಂದೆಯೂ ಉಳಿಯುವ ಕಟ್ಟಡಗಳನ್ನು ಮರದ ತೆಳು ಹಾಳೆಯಲ್ಲಿ ಮಾಡುತ್ತೇವೆ, ಬಣ್ಣ ಹಚ್ಚುವುದಿಲ್ಲ. ಹೋಗುವಂಥದ್ದನ್ನು ಮಾಡುವುದೇ ಇಲ್ಲ. ಹಾಗಾಗಿ ಮಾದರಿಯನ್ನು ನೋಡಿದ ಕೂಡಲೇ ಯಾರಿಗಾದರೂ ಗೊತ್ತಾಗುತ್ತದೆ. ಮರದ ಬಣ್ಣ ಇದ್ದರೆ ಉಳಿಯಿತು ಅಂತ ಅರ್ಥ.

ನಿನಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ. ಚೆನ್ನಾಗಿದೆ ಅಕ್ಕ. ಕೊಳಚೆ ಬಂದು ಬೀಳುವ ಮೋರಿಗಳನ್ನೆಲ್ಲ ಮುಚ್ಚಿ ಬೇರೆ ಕಡೆ ತಿರುಗಿಸುತ್ತಾರೆ. ದಡದ ಉದ್ದಕ್ಕೂ ನಡೆಯುವ ದಾರಿ, ನೆರಳಿಗೆ ಮರ, ಕೂರಲು ಮೆಟ್ಟಿಲು. ಚಿಕ್ಕವರಿದ್ದಾಗ ಊರಿನ ಬೇರೆ ಮಕ್ಕಳು ನೀರು ನೋಡಬೇಕೆಂದರೆ ಗೋದಾಮುಗಳ ಸಂದಿಯಲ್ಲಿ ಮೂಗು ಮುಚ್ಚಿಕೊಂಡು ನುಸುಳಬೇಕಿತ್ತಲ್ಲ, ಇನ್ನು ಮೇಲೆ ಊರಿನ ಯಾರು ಬೇಕಾದರೂ ಬಂದು ನೋಡಬಹುದು. ನೀರಿಗೆ ಗಾಜಿನಂಥ ಹಾಳೆ ಕೂರಿಸಿ ಅದರ ಕೆಳಗೆ ನೀಲಿ ಬಳಿದಿದ್ದೇನೆ. ಉದ್ದ ಸರ್ ಅದನ್ನು ನೋಡಿ ಇಡೀ ಆಫೀಸಿನ ಎದುರು ನನ್ನನ್ನು ಹೊಗಳಿದರು.

ನಿಮ್ಮ ಕಡೆಯ ನಕ್ಷೆಯ ಹಾಳೆ ಇನ್ನೂ ನನ್ನ ಮೇಜಿಗೆ ಬಂದಿಲ್ಲ. ಬಂದ ಮೇಲೆ ತಿಳಿಸುತ್ತೇನೆ.

ಗುಬ್ಬಿ


ಮಾರ್ಚ್ 6

ಗುಬ್ಬೀ,

ನಿನ್ನ ನೀಲಿ ನೀರಿಗಿಷ್ಟು ಬೆಂಕಿ ಬೀಳಲಿ. ಇಲ್ಲಿ ನಡೆದದ್ದು ಓದು.

ಮಂಗಳವಾರ ನಡು ಮಧ್ಯಾಹ್ನ ಬಿಳಿ ಬೂಟಿನವರು ಬಂದರು. ನಾನು ಡಬ್ಬಿಗಳಿಂದ ಐಸ್ ಗಡ್ಡೆ ಬಿಡಿಸುತ್ತಿದ್ದೆ. ಒಬ್ಬ ನೆಟ್ಟಗೆ ಯಂತ್ರದ ಕೋಣೆಗೆ ನುಗ್ಗಿ ಅಮೋನಿಯಾ ಪೈಪಿಗೆ ಕೊಡಲಿಯಲ್ಲಿ ಹೊಡೆದ. ಆ ಗ್ಯಾಸು ಗೊತ್ತಲ್ಲ ನಿನಗೆ. ಕಣ್ಣಿಗೆ ಮೆಣಸಿನಪುಡಿ ಎರಚಿದಂತಾಗಿ ಗಂಟಲು ಮುಚ್ಚಿಹೋಯಿತು. ನಿನ್ನ ಭಾವ ಒದ್ದೆ ಗೋಣಿ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ ವಾಲ್ವ್ ತಿರುಗಿಸಿದರು. ಬರುವಾಗ ಆ ಕೊಡಲಿಯವನ ಕೈ ಅವರ ಇಕ್ಕಳಕ್ಕೆ ಸಿಕ್ಕಿತು. ಐಸ್ ಎತ್ತುವ ಇಕ್ಕಳ. ಮಣಿಕಟ್ಟು ಮುರಿದ ಸದ್ದು ನನಗೆ ಹೊರಗೆ ಕೇಳಿಸಿತು. ಸತ್ಯವಾಗಿ ಹೇಳುತ್ತೇನೆ, ಕೇಳಿ ಖುಷಿಯಾಯಿತು.

ಪಕ್ಕದ ಹಗ್ಗದಜ್ಜನ ಶೆಡ್ಡು ಉಳಿಯಲಿಲ್ಲ. ಹಗ್ಗ ಹೊಸೆಯುವ ಚಕ್ರ, ನಾರಿನ ಕಟ್ಟು ಎಲ್ಲ ಹೊರಗೆ ಎಸೆದು ಡೀಸೆಲ್ ಸುರಿದು ಕಡ್ಡಿ ಗೀರಿದರು. ಅಜ್ಜ ಬೆಂಕಿಗೆ ಕೈ ಹಾಕಿ ಚಕ್ರ ಎಳೆಯಲು ಹೋಗಿ ಎರಡೂ ಅಂಗೈ ಸುಟ್ಟುಕೊಂಡಿದ್ದಾನೆ. ಪೊಲೀಸಿನವರು ಜೀಪಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುತ್ತಾರಲ್ಲ, ಈ ಬೇಲಿ ಮೇಯಲೂ ಇಲ್ಲ, ಮೇಯುವವರನ್ನು ಕೂತು ನೋಡಿತು.

ಈಗ ನಿನ್ನ ಭಾವ ಪೂರ್ತಿ ಸೋತಿದ್ದಾರೆ. "ಬದುಕಿದ್ರೆ ಬೇಡ್ಕೊಂಡಾದ್ರೂ ತಿನ್ಬಹುದು ಕಣೇ. ಈ ತಿಂಗಳ ಕೊನೇಲಿ ಸೈನ್ ಹಾಕ್ಬಿಡ್ತೀನಿ. ಮಹಡಿ ಮೇಲೆ ಐಸ್ ಆಗ್ದಿದ್ರೆ ಸೋಡಾ ಮಾರೋಣ" ಅನ್ನುತ್ತಾರೆ. ಕೆಮ್ಮು ಬಂದರೆ ನಿಲ್ಲುವುದಿಲ್ಲ, ಕರ್ಚೀಫಿನಲ್ಲಿ ರಕ್ತ ಕಂಡೆ. ನನಗೂ ಆಗ ಒಂದು ಕ್ಷಣ, ಹೋಗಿಬಿಡೋಣ ಅನ್ನಿಸಿತು.

ಅದಕ್ಕೇ ಕೇಳುತ್ತಿದ್ದೇನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ನಮ್ಮ ಶೆಡ್ಡು ಅದರಲ್ಲಿ ಇದೆಯೋ ಇಲ್ಲವೋ, ಒಂದೇ ಮಾತು. ಇಲ್ಲ ಅಂದರೆ ಇಬ್ಬರೂ ಗಂಟುಮೂಟೆ ಕಟ್ಟುತ್ತೇವೆ.

ಅಕ್ಕ


ಮಾರ್ಚ್ 13

ಅಕ್ಕಾ,

ಇದೆ.

ಮರದ ಹಾಳೆಯಲ್ಲಿ ಮಾಡಿದ್ದು. ಅರ್ಧ ಬೆಂಕಿಪೊಟ್ಟಣದಷ್ಟಿದೆ, ದಡದ ಮೇಲೆ, ಅದೇ ಜಾಗದಲ್ಲಿ. ನನ್ನ ಕೈಯಾರೆ ಅಂಟಿಸಿದ್ದೇನೆ. ಉದ್ದ ಸರ್ ಎರಡು ಸಲ ಮಾದರಿಯ ಸುತ್ತ ಓಡಾಡಿ ನೋಡಿದರು, ಏನೂ ಹೇಳಲಿಲ್ಲ.

ಇನ್ನು ಹತ್ತು ದಿನಕ್ಕೆ ಮಾದರಿಯನ್ನು ನಮ್ಮೂರಿಗೇ ಕಳಿಸುತ್ತಾರೆ, ಪುರಭವನದಲ್ಲಿ ಜನ ನೋಡಲು ಇಡುತ್ತಾರೆ. ಹೋಗಿ ನಿನ್ನ ಕಣ್ಣಾರೆ ನೋಡು. ಭಾವನ ಕೆಮ್ಮನ್ನು ಸರಿಯಾದ ಡಾಕ್ಟರ ಹತ್ತಿರ ತೋರಿಸು, ಬಂದರಿನ ಕಾಂಪೌಂಡರ್ ಹತ್ತಿರ ಅಲ್ಲ.

ಗುಬ್ಬಿ


ಮಾರ್ಚ್ 29

ಗುಬ್ಬೀ,

ನಿನ್ನ ಒಂದೇ ಮಾತಿನ ಕಾಗದ ಇಡೀ ಬೀದಿಯನ್ನು ಎಬ್ಬಿಸಿಬಿಟ್ಟಿತು.

ಆದರೂ ನಿನ್ನ ಭಾವ ಕಾಗದ ನಂಬಿ ಕುಣಿಯುವವರಲ್ಲ. ಶೆಡ್ಡು ಬಿಟ್ಟು ಅಲ್ಲಾಡಿದರೆ ಆ ಕುತ್ತಿಗೆ ಇಲ್ಲದವರು ನುಗ್ಗುತ್ತಾರೆ, ಹಾಗಾಗಿ ನನ್ನನ್ನು ಕಳಿಸಿದರು. "ನೀನು ಹೋಗಿ ನೋಡ್ಕೊಂಡ್ ಬಾ. ನೀನು ಏನ್ ಹೇಳ್ತೀಯೋ ಹಂಗೇ ಮಾಡೋಣ" ಎಂದರು. ಹೋದೆ. ಪುರಭವನದಲ್ಲಿ ತಂಪು, ನೆಲ ಹೊಳೆಯುತ್ತಿತ್ತು, ನನ್ನ ಚಪ್ಪಲಿಯಿಂದ ಮೀನಿನ ವಾಸನೆ ಬರುತ್ತಿದೆ ಅಂತ ಒಬ್ಬಳು ಸರಿದು ನಿಂತಳು. ನೋಡಿದೆ. ಚೆನ್ನಾಗಿ ಮಾಡಿದ್ದೀಯ. ನೀರಿನ ಕಡೆಗೆ ಬಾಗಿಲು ಕೂಡ ಇಟ್ಟಿದ್ದೀಯ. ತುಂಬ ಹೊತ್ತು ನೋಡಿದೆ. ಅದರ ಬಗ್ಗೆ ಇಷ್ಟು ಸಾಕು.

ಮನೆಗೆ ಬಂದೆ. ಶುಕ್ರವಾರ ಬಿಳಿ ಬೂಟು ಸಹಿ ಮಾಡಿಸಲು ಬಂದ. ನಿನ್ನ ಭಾವ ಅವನ ಕಾಗದವನ್ನು ನಾಲ್ಕು ಹೋಳು ಮಾಡಿ ಅವನ ಜೇಬಿಗೇ ತುರುಕಿದರು. "ನಿಮ್ಮೋರೇ ಮಾಡಿದ ಮಾದರೀಲಿ ನಮ್ ಶೆಡ್ಡಿದೆ. ಹೋಗಿ ಕನ್ನಡಕ ಹಾಕ್ಕೊಂಡ್ ನೋಡು" ಎಂದರು. ಅವನು ಇವರ ಕೊರಳಪಟ್ಟಿಗೆ ಕೈ ಹಾಕಿದ. ಆಮೇಲೆ ಯಾರು ಯಾರನ್ನು ಹೊಡೆದರೋ ಲೆಕ್ಕವಿಲ್ಲ. ಸಹಿ ಹಾಕದೆ ಉಳಿದವರೆಲ್ಲ ಹುಟ್ಟು, ಸರಳು, ಕೊಕ್ಕೆ ಹಿಡಿದು ಬಂದರು. ನಾನು ಒಬ್ಬನ ಮೊಣಕಾಲಿಗೆ ಐಸ್ ಗಡ್ಡೆ ಜಾರಿಸಿ ಬಿಟ್ಟೆ, ಬಿದ್ದವನ ಮೇಲೆ ಮೀನು ಹೊರುವ ಹೆಂಗಸರು ಬುಟ್ಟಿ ಬೋರಲು ಹಾಕಿ ಕೂತರು. ಆ ಹೊತ್ತಿಗೆ ನಗುವಂತಿತ್ತು. ಹಗ್ಗದಜ್ಜನ ಕಿವಿ ಅರ್ಧ ಹರಿದು ಕೆನ್ನೆಯ ಮೇಲೆ ನೇತಾಡುವುದನ್ನು ಕಂಡ ಮೇಲೆ ಯಾರೂ ನಗಲಿಲ್ಲ. ಅಜ್ಜ ಅದನ್ನು ಕೈಯಲ್ಲಿ ಒತ್ತಿ ಹಿಡಿದು, "ಹೊಲೀರಿ, ಹೊಲೀರಿ, ಬಲೆ ಹೊಲಿಯೋ ಸೂಜಿ ಆದ್ರೂ ಪರ್ವಾಗಿಲ್ಲ" ಅಂತ ಕೂಗುತ್ತಿದ್ದ.

ನಿನ್ನ ಭಾವ ಹತ್ತು ವರ್ಷ ಚಿಕ್ಕವರಾಗಿದ್ದಾರೆ. ಸಿಳ್ಳೆ ಹಾಕುತ್ತಾರೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ಕಾಗದ ಓದಿದೆ. ಭಾವ ಕಾಗದ ಹರಿಯಬಾರದಿತ್ತು. ಆ ಮಳಿಗೆ ಅಷ್ಟೇನೂ ಕೆಟ್ಟದ್ದಲ್ಲವಂತೆ, ಸಾಮಾನು ಎತ್ತುವ ಲಿಫ್ಟ್ ಇದೆಯಂತೆ. ಈಗಲೂ ಕೇಳಿದರೆ ಕೊಡುತ್ತಾರೇನೋ. ಮಾದರಿ ಅಂದರೆ ಮಾದರಿ ಅಷ್ಟೇ, ಅದು ಕೋರ್ಟಿನ ಆದೇಶವಲ್ಲ. ಎಷ್ಟೋ ಸಲ ಕೊನೇ ಗಳಿಗೆಯಲ್ಲಿ ಬದಲಾಗುತ್ತದೆ.

ಸ್ವಲ್ಪ ಯೋಚನೆ ಮಾಡಿ. ನಿಮ್ಮ ಜೀವಕ್ಕಿಂತ ಶೆಡ್ಡು ದೊಡ್ಡದಲ್ಲ.

ಗುಬ್ಬಿ


ಏಪ್ರಿಲ್ 8

ಗುಬ್ಬೀ,

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಹೋದ ತಿಂಗಳು "ಇದೆ" ಅಂತ ಬರೆದವಳು ಈ ತಿಂಗಳು ಲಿಫ್ಟಿನ ಕಥೆ ಹೇಳುತ್ತೀಯ. ನಿನ್ನ ಉದ್ದ ಸರ್ ಬೈದರಾ? ಕೆಲಸ ಹೋಗುತ್ತದೆ ಅಂತ ಹೆದರಿಕೆಯಾ? ನಿನ್ನ ಕಾಗದವನ್ನು ನಿನ್ನ ಭಾವನಿಗೆ ತೋರಿಸಲಿಲ್ಲ. ಒಲೆಗೆ ಹಾಕಿದೆ.

ಇಪ್ಪತ್ತನೇ ತಾರೀಕು ಕೆಡವುವ ಯಂತ್ರ ತರುತ್ತಾರೆ ಅಂತ ಸುದ್ದಿ. ತರಲಿ. ಗಂಡಸರು ಬಾಗಿಲಿಗೆ ಅಡ್ಡ ಕೂರುತ್ತಾರೆ, ನಾವು ಹೆಂಗಸರು ಬೀದಿಗೆ ಅಡ್ಡ. ಐಸ್ ಎಳೆಯುವ ಕೊಕ್ಕೆಗಳನ್ನೆಲ್ಲ ಅರದಲ್ಲಿ ಉಜ್ಜಿ ಚೂಪು ಮಾಡಿದ್ದೇನೆ. ಸಾಣೆ ಹಿಡಿಯುತ್ತ ಕೂತರೆ ಮನಸ್ಸಿಗೆ ಎಷ್ಟು ಸಮಾಧಾನ ಗೊತ್ತಾ? ನನಗೇ ಆಶ್ಚರ್ಯವಾಗುತ್ತದೆ.

ನಮ್ಮನ್ನು ಹಿಂದಕ್ಕೆ ಎಳೆಯುವ ಮಾತು ಇನ್ನು ಬರೆಯಬೇಡ. ಈಗ ನಾನು ಹಿಂದೆ ತಿರುಗಿ ನೋಡುವ ಹಾಗಿಲ್ಲ.

ಅಕ್ಕ


ರಿಜಿಸ್ಟರ್ಡ್, ತುರ್ತು
ಏಪ್ರಿಲ್ 15

ಅಕ್ಕಾ, ಇದನ್ನು ಓದಿದ ಕೂಡಲೇ ಭಾವನನ್ನು ಕರೆದುಕೊಂಡು ಶೆಡ್ಡಿನಿಂದ ಹೊರಗೆ ಬಾ.

ನಿಮ್ಮ ಶೆಡ್ಡು ನಕ್ಷೆಯಲ್ಲಿ ಇಲ್ಲ. ಯಾವತ್ತೂ ಇರಲಿಲ್ಲ. ಹಾಳೆಯಲ್ಲಿ ಆ ಜಾಗಕ್ಕೆ ಹುಲ್ಲು ಅಂತ ಬರೆದಿದೆ. "ಇದೆಯೋ ಇಲ್ಲವೋ ಒಂದೇ ಮಾತು" ಅಂತ ನೀನು ಕೇಳಿದ ಕಾಗದ ಬಂದ ದಿನ ಇಲ್ಲ ಅಂತ ಬರೆಯಲು ಕೂತೆ. ಕೈ ಬರಲಿಲ್ಲ. ಎದುರಿಗೆ ಮರದ ಹಾಳೆ ಇತ್ತು, ಬ್ಲೇಡ್ ಇತ್ತು. ನನ್ನ ನೆನಪಿನಿಂದಲೇ ಕತ್ತರಿಸಿ, ಮಡಿಸಿ, ಹಾಸಿದ್ದ ಹುಲ್ಲನ್ನು ಕೆರೆದು ಅಲ್ಲಿ ಅಂಟಿಸಿಬಿಟ್ಟೆ. ಅಂಟಿಸಿದ ಮೇಲೆ "ಇದೆ" ಅಂತ ಬರೆದೆ. ಸುಳ್ಳು ಬರೆಯಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಉದ್ದ ಸರ್ ನೋಡಿ ಇದೇನು ಅಂತ ಕೇಳುತ್ತಾರೆ, ಆಗ ನಮ್ಮಕ್ಕನ ಶೆಡ್ಡು, ಇದನ್ನು ಉಳಿಸಿಕೊಡಿ ಅಂತ ಕಾಲು ಹಿಡಿದಾದರೂ ಕೇಳುತ್ತೇನೆ ಅಂದುಕೊಂಡಿದ್ದೆ. ಅವರು ಕೇಳಲಿಲ್ಲ. ಮಾದರಿ ಲಾರಿ ಹತ್ತಿ ಹೋಯಿತು.

ಮೊನ್ನೆ ನಿನ್ನ ಕಾಗದದಲ್ಲಿ ಯಂತ್ರದ ಸುದ್ದಿ ಓದಿ ನಾನೇ ಹೋಗಿ ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ ನಕ್ಕರು. "ನನಗೆ ಅವತ್ತೇ ಗೊತ್ತಾಯ್ತಮ್ಮಾ. ಇರ್ಲಿ ಅಂತ ಬಿಟ್ಟೆ. ಅದನ್ನ ನೋಡಿ ಜನ ಸುಮ್ನಿರ್ತಾರೆ, ಯಂತ್ರ ಬರೋವರೆಗೂ ಕೋರ್ಟಿಗೆ ಹೋಗಲ್ಲ" ಎಂದರು. ಆಮೇಲೆ ಕಾಫಿ ತರಿಸಿ ಕೊಟ್ಟರು. ನಾನು ಕುಡಿದೆ ಅಕ್ಕ. ಯಾಕೆ ಕುಡಿದೆನೋ ಗೊತ್ತಿಲ್ಲ.

ನಿಮ್ಮ ಬೀದಿಯ ಮೂಲೆ ಅಂಗಡಿಗೆ ಫೋನ್ ಮಾಡಿದೆ, ಗಂಟೆಯೇ ಆಗುತ್ತಿಲ್ಲ. ಬಂದರು ರಸ್ತೆಯ ಕಂಬಗಳನ್ನೆಲ್ಲ ಕಿತ್ತಿದ್ದಾರೆ ಅಂತ ಎಕ್ಸ್‌ಚೇಂಜಿನವರು ಹೇಳಿದರು. ನಾನೇ ಬರೋಣ ಅಂತ ಸ್ಟೇಷನ್ನಿಗೆ ಹೋಗಿ ಟಿಕೆಟ್ ಕೂಡ ತೆಗೆದುಕೊಂಡೆ. ನಿಮ್ಮ ಎದುರು ನಿಂತು ಹೇಳುವ ಧೈರ್ಯ ಬರಲಿಲ್ಲ. ಗಾಡಿ ಹೋಯಿತು. ಹೇಡಿ ಅನ್ನು, ಏನು ಬೇಕಾದರೂ ಅನ್ನು. ಇಪ್ಪತ್ತಕ್ಕೆ ಇನ್ನೂ ಐದು ದಿನ ಇದೆ. ಹೊರಗೆ ಬನ್ನಿ.

ಗುಬ್ಬಿ


ಮಹಿಳಾ ಜೈಲು
ಮೇ 11

ಗುಬ್ಬೀ,

ಮೇಲೆ ಬರೆದ ವಿಳಾಸ ನೋಡಿ ಗಾಬರಿಯಾಗಬೇಡ. ಇಷ್ಟು ಹೊತ್ತಿಗೆ ಪೇಪರಿನಲ್ಲಿ ಓದಿರುತ್ತೀಯ. ಅವರು ಬರೆದದ್ದು ಅವರ ಪಾಡಿಗೆ, ನಾನು ನಡೆದದ್ದನ್ನು ಬರೆಯುತ್ತೇನೆ. ಕಾಗದ ಪೆನ್ನು ಇವತ್ತೇ ಕೊಟ್ಟರು.

ಇಪ್ಪತ್ತು ಅಂದವರು ಹದಿನೇಳಕ್ಕೇ ಬಂದರು. ಬೆಳಿಗ್ಗೆ ಗಂಡಸರೆಲ್ಲ ದೋಣಿಯಲ್ಲಿ ಹೋಗಿದ್ದರು, ಶೆಡ್ಡಿನಲ್ಲಿ ನಾವಿಬ್ಬರು, ಹೊರಗೆ ಕಿವಿಗೆ ಪಟ್ಟಿ ಕಟ್ಟಿಕೊಂಡ ಹಗ್ಗದಜ್ಜ. ಯಂತ್ರದ ಹಿಂದೆ ಒಂದು ಲಾರಿ ತುಂಬ ಜನ. ನನ್ನನ್ನು ಮೂವರು ಎಳೆದು ಎದುರು ಗೋಡೆಗೆ ಒತ್ತಿ ಹಿಡಿದರು. ಒಬ್ಬನ ಹೆಬ್ಬೆರಳು ನನ್ನ ಬಾಯಿಗೆ ಸಿಕ್ಕಿತ್ತು, ಮೂಳೆ ಸಿಗುವವರೆಗೂ ಕಚ್ಚಿದೆ. ಬಿಡಲಿಲ್ಲ ಅವನು.

ನಿನ್ನ ಭಾವ ಹೊಸ್ತಿಲಲ್ಲಿ ಕೂತೇ ಇದ್ದರು. "ಮಾದರೀಲಿ ಇದೆ. ಇಡೀ ಊರು ನೋಡಿದೆ. ಮುಟ್ಟಂಗಿಲ್ಲ ನೀನು" ಎಂದರು. ಬಿಳಿ ಬೂಟು ಬಗ್ಗಿ ಅವರ ಮುಖದ ಹತ್ತಿರ ಮುಖ ತಂದು, "ಮಾದರೀಲಿ ಇದ್ರೆ ಹೋಗಿ ಮಾದರೀಲೇ ಇರು" ಅಂದ. ಇಬ್ಬರು ಕಬ್ಬಿಣದ ಪೈಪಿನಲ್ಲಿ ಅವರ ಮೊಣಕಾಲಿಗೆ ಹೊಡೆದರು. ಒಂದು ಕಾಲು ಆಯಿತು, ಇನ್ನೊಂದೂ ಆಯಿತು. ಅವರು ಕೂಗಲಿಲ್ಲ, ನಾನು ಕೂಗಿದೆ. ಏಳಲು ಹೋಗಿ ಬಿದ್ದರು. ಕೈಯೂರಿ ಒಳಗೆ ತೆವಳಿದರು, ಹೊರಗೆ ಅಲ್ಲ, ಒಳಗೆ. ಬಿಳಿ ಬೂಟು ಅದನ್ನು ನೋಡಿಯೇ ಯಂತ್ರದವನಿಗೆ ಕೈ ಬೀಸಿದ. ಯಂತ್ರದವನು ಎಂಜಿನ್ ಆರಿಸಿ, "ಒಳ್ಗಡೆ ಜನ ಇದಾರೆ ಸಾರ್" ಅಂದ. "ನೀನು ದೂಡು" ಅಂದ ಇವನು. ಮೊದಲ ನೂಕಿಗೆ ಗೋಡೆ ಬಾಗಿತು. ಎರಡನೆಯದಕ್ಕೆ ಛಾವಣಿಯ ಸಮೇತ ಕೂತುಬಿಟ್ಟಿತು. ಇಟ್ಟಿಗೆಯ ಸಂದಿಯಿಂದ ಐಸ್ ತೊಟ್ಟಿಯ ಉಪ್ಪುನೀರು ಹರಿದು ಬಂತು, ಆಮೇಲೆ ಕೆಂಪಗೆ ಬಂತು.

ಹಿಡಿದವರ ಕೈ ಆಗ ಸಡಿಲವಾಯಿತು, ಅವರಿಗೂ ಹೆದರಿಕೆಯಾಗಿರಬೇಕು. ಬಿಳಿ ಬೂಟು ಹೆದರಲಿಲ್ಲ. ಬಗ್ಗಿ ಬೂಟಿನ ಮೇಲಿನ ಧೂಳು ಒರೆಸಿಕೊಳ್ಳುತ್ತಿದ್ದ. ಕುತ್ತಿಗೆ ನನ್ನ ಎದುರಿಗೇ ಇತ್ತು. ಕೊಕ್ಕೆ ನನ್ನ ಕಾಲ ಹತ್ತಿರವೇ ಬಿದ್ದಿತ್ತು. ಐಸ್ ಗಡ್ಡೆಗೆ ಹೇಗೆ ಹಾಕುತ್ತೇನೋ ಹಾಗೆಯೇ ಹಾಕಿದೆ, ಮೇಲಿನಿಂದ ಕೆಳಗೆ, ಆಮೇಲೆ ನನ್ನ ಕಡೆಗೆ ಎಳೆದೆ. ಐಸಿಗಿಂತ ಮೆತ್ತಗಿತ್ತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಸತ್ತನಂತೆ. ನಿನ್ನ ಭಾವನನ್ನು ಹೊರಗೆ ತೆಗೆಯಲು ಸಂಜೆಯಾಯಿತು. ಅವರನ್ನು ನೋಡಲು ನನಗೆ ಬಿಡಲಿಲ್ಲ.

ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ದವಡೆ ನೋಯುತ್ತಿಲ್ಲ. ಎಲ್ಲೂ ನೋಯುತ್ತಿಲ್ಲ, ಅದೇ ವಿಚಿತ್ರ. ನಿನ್ನ ಕಾಗದ ಯಾವುದೂ ಬಂದಿಲ್ಲ. ಮನೆಯೇ ಇಲ್ಲ, ಅಂಚೆಯವನು ಎಲ್ಲಿಗೆ ತರುತ್ತಾನೆ? ಬರಬೇಡ ಇಲ್ಲಿಗೆ.

ಅಕ್ಕ


ಮೇ 24

ಅಕ್ಕಾ,

ಬರಬೇಡ ಅಂದರೂ ಬಂದೆ. ಗೇಟಿನಲ್ಲಿ ಇಡೀ ಹಗಲು ಕೂತೆ. ನೀನು ಭೇಟಿಗೆ ಬರುವುದಿಲ್ಲ ಅಂದೆಯಂತೆ. ಅಂದರೆ ನನ್ನ ಏಪ್ರಿಲ್ ಹದಿನೈದರ ಕಾಗದ ಕೊನೆಗೂ ನಿನ್ನ ಕೈ ಸೇರಿತು. ನನ್ನ ಮುಖ ನೋಡಲು ನಿನಗೆ ಅಸಹ್ಯವಾಗಿದೆ, ನನಗೆ ಅರ್ಥವಾಯಿತು. ಭಾವನ ಮೇಲೆ ಗೋಡೆ ಬೀಳಿಸಿದ್ದು ಯಂತ್ರವಲ್ಲ, ನನ್ನ ಒಂದು ಹನಿ ಅಂಟು.

ದಡಕ್ಕೆ ಹೋಗಿದ್ದೆ. ಶೆಡ್ಡಿನ ಜಾಗದಲ್ಲಿ ಹುಲ್ಲು ಬಂದಿದೆ. ಸುರುಳಿ ಸುತ್ತಿ ತಂದು ಚಾಪೆ ಬಿಚ್ಚಿದ ಹಾಗೆ ಹಾಸಿದ್ದಾರೆ. ಮೋರಿ ವಾಸನೆ ಇಲ್ಲ. ಒಬ್ಬ ಮುದುಕ ಮೊಮ್ಮಗಳನ್ನು ಕೂರಿಸಿಕೊಂಡು ಈಜುಗಾರರ ಅಭ್ಯಾಸ ತೋರಿಸುತ್ತಿದ್ದ. ಚೆನ್ನಾಗಿದೆ ಅಕ್ಕ, ಅದೇ ಸಂಕಟ. ನಾನು ಮಾಡಿದ ಹಾಗೆಯೇ ಇದೆ. ಆ ಹುಲ್ಲನ್ನು ಉಗುರಿನಲ್ಲಿ ಕಿತ್ತೆ, ಕಾವಲುಗಾರ ಲಾಠಿಯಲ್ಲಿ ಕೈಗೆ ಹೊಡೆದ.

ಕೆಲಸ ಬಿಟ್ಟಿದ್ದೇನೆ. ಬಿಡುವ ದಿನ ಬ್ಲೇಡ್ ಹಿಡಿದುಕೊಂಡು ಉದ್ದ ಸರ್ ಕೋಣೆಯ ತನಕ ಹೋಗಿದ್ದೆ. ಬಾಗಿಲು ತೆರೆಯುವ ಮೊದಲೇ ಅದನ್ನು ನನ್ನ ಅಂಗೈಯಲ್ಲೇ ಮುಚ್ಚಿ ಹಿಡಿದೆ. ಹೊಲಿಗೆ ಹಾಕಿದ್ದಾರೆ.

ನಿನ್ನ ವಕೀಲರನ್ನು ಕಂಡೆ. "ಅಧಿಕೃತ ಮಾದರೀಲಿ ಶೆಡ್ಡು ಉಳಿಸಿದ್ರು ಅಂತ ಸಾಬೀತಾದ್ರೆ ಅವರು ನುಗ್ಗಿದ್ದೇ ಅಕ್ರಮ ಆಗುತ್ತೆ. ಕಣ್ಣೆದುರು ಗಂಡನ್ನ ಕೊಂದಾಗ ಹೊಡೆದದ್ದು ಅಂತ ವಾದ ಮಾಡ್ಬಹುದು, ಕೆಲವೇ ವರ್ಷಕ್ಕೆ ಹೊರಗೆ ಬರ್ತಾರೆ. ಇಲ್ಲಾಂದ್ರೆ ಪರರ ಜಾಗದಲ್ಲಿ ಕೂತು ಕೊಲೆ ಮಾಡಿದೋರು ಅಂತ ಜೀವಮಾನ ಒಳಗಿಡ್ತಾರೆ" ಅಂದರು. ಜೂನ್ ಹತ್ತೊಂಬತ್ತಕ್ಕೆ ನನ್ನ ಸಾಕ್ಷಿ. ಶೆಡ್ಡು ಇಡು ಅಂತ ಉದ್ದ ಸರ್ ಬಾಯಿಮಾತಿನಲ್ಲಿ ಹೇಳಿದ್ದರು ಅಂತ ಪ್ರಮಾಣ ಮಾಡಿ ಹೇಳುತ್ತೇನೆ. ಒಂದು ಸುಳ್ಳಿನಿಂದ ಹಾಳು ಮಾಡಿದವಳು ಇನ್ನೊಂದು ಸುಳ್ಳಿನಿಂದಾದರೂ ಸರಿ ಮಾಡುತ್ತೇನೆ. ಬೇಡ ಅನ್ನಬೇಡ.

ಗುಬ್ಬಿ


ಮಹಿಳಾ ಜೈಲು
ಜೂನ್ 4

ಗುಬ್ಬೀ,

ಬೇಡ.

ನಿನ್ನ ಏಪ್ರಿಲ್ ಕಾಗದ ನನಗೆ ಬಂದದ್ದು ಹೋದ ವಾರ, ಬಿಚ್ಚಿ ಓದಿ ಮುದ್ರೆ ಒತ್ತಿ ಕೊಟ್ಟರು. ನೀನು ಗೇಟಿನಲ್ಲಿ ಕೂತ ದಿನ ಅದಿನ್ನೂ ಬಂದಿರಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ನಾನು ಭೇಟಿಗೆ ಬರಲಿಲ್ಲ ಅಂತ ತಿಳಿದುಕೊಂಡೆಯಲ್ಲ, ಹುಚ್ಚಿ. ನಿನ್ನ ಮುಖ ನೋಡುವ ಯೋಗ್ಯತೆ ನನಗೇ ಇರಲಿಲ್ಲ. ಯಾಕೆ ಅಂತ ಕೇಳು.

ಪುರಭವನದಲ್ಲಿ ಆ ಗುಲಗಂಜಿಯಷ್ಟು ಬಾಗಿಲು ನೋಡಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ನೀರಿನ ಕಡೆಯ ಬಾಗಿಲಿಗೆ ನಿನ್ನ ಭಾವ ಇಟ್ಟಿಗೆ ಕಟ್ಟಿ ಮುಚ್ಚಿದ್ದು ನೀನು ಊರು ಬಿಟ್ಟ ಮಾರನೇ ವರ್ಷ. ತಂಪು ಸೋರುತ್ತದೆ ಅಂತ. ನಿನಗೆ ಅದು ಗೊತ್ತಿಲ್ಲ, ನಾವು ಬರೆದೂ ಇರಲಿಲ್ಲ. ಅಳತೆಯವರು ಕಂಡದ್ದು ಬರೀ ಗೋಡೆ. ಆ ಬಾಗಿಲು ಈಗ ಇರುವುದು ಕಾಲು ಇಳಿಬಿಟ್ಟು ಅಲ್ಲಿ ಕೂರುತ್ತಿದ್ದ ಒಬ್ಬಳ ತಲೆಯಲ್ಲಿ ಮಾತ್ರ. ನಕ್ಷೆ ನೋಡಿ ಮಾಡಿದ್ದಲ್ಲ ಇದು, ನಮ್ಮ ಗುಬ್ಬಿ ಆಸೆಗೆ ಮಾಡಿದ್ದು ಅಂತ ನನಗೆ ಆ ಕ್ಷಣಕ್ಕೇ ತಿಳಿಯಿತು. ತುಂಬ ಹೊತ್ತು ನೋಡಿದೆ ಅಂತ ಬರೆದಿದ್ದೆನಲ್ಲ, ನೋಡುತ್ತಿರಲಿಲ್ಲ, ಏನು ಹೇಳಬೇಕು ಅಂತ ಯೋಚಿಸುತ್ತಿದ್ದೆ.

ಮನೆಗೆ ಬಂದೆ. ಅವರು ಹೊಸ್ತಿಲಲ್ಲೇ ನಿಂತಿದ್ದರು. "ಇದೆಯಾ?" ಎಂದರು. ಇಲ್ಲ ಅಂದಿದ್ದರೆ ಶುಕ್ರವಾರ ಸಹಿ ಹಾಕಿ, ಈಗ ಮಹಡಿಯ ಮೇಲೆ ಸೋಡಾ ಮಾರುತ್ತ ಲಿಫ್ಟಿಗೆ ಬೈಯುತ್ತ ಬದುಕಿರುತ್ತಿದ್ದರು. "ಇದೆ" ಅಂದೆ. ಬಿಳಿ ಬೂಟಿನ ಎದುರು ಸೋಲುವುದು ನನ್ನಿಂದ ಆಗಲಿಲ್ಲ. ಊರೆಲ್ಲ ನೋಡಿದ ಮೇಲೆ ಸುಳ್ಳೂ ನಿಜವಾಗಿಬಿಡುತ್ತದೆ ಅಂತ ನಂಬಿಕೊಂಡೆ. ನೀನು ಲಿಫ್ಟಿನ ಕಥೆ ಬರೆದಾಗಲೂ ಯಾಕೆ ಬರೆದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಒಲೆಗೆ ಹಾಕಿದೆ. ಅವರು ಮೊಣಕಾಲು ಮುರಿದ ಮೇಲೂ ಒಳಗೆ ತೆವಳಿದ್ದು ನನ್ನ ಮಾತನ್ನು ನಂಬಿಕೊಂಡು, ನಿನ್ನ ಮಾದರಿಯನ್ನಲ್ಲ. ಅದನ್ನು ಅವರು ನೋಡಿಯೇ ಇರಲಿಲ್ಲ.

ಹತ್ತೊಂಬತ್ತಕ್ಕೆ ಕಟಕಟೆಯಲ್ಲಿ ನಿಂತು ನಡೆದದ್ದು ನಡೆದ ಹಾಗೆ ಹೇಳು. ಉದ್ದ ಸರ್ ನಕ್ಕದ್ದು, ಅವತ್ತೇ ಗೊತ್ತಾಯಿತು ಅಂದದ್ದು, ಕಾಫಿ ಕೊಟ್ಟದ್ದು, ಎಲ್ಲ ಹೇಳು. ಸುಳ್ಳು ಹೇಳಿದರೆ ಅವರ ಕಡೆಯವರು ಆ ಬಾಗಿಲು ತೋರಿಸಿಯೇ ನಿನ್ನನ್ನು ಹಿಡಿಯುತ್ತಾರೆ, ಇಬ್ಬರೂ ಒಳಗೆ ಕೂರಬೇಕಾಗುತ್ತದೆ. ನನಗೆ ಏನಾಗಬೇಕೋ ಆಗುತ್ತದೆ.

ನಿನ್ನ ಭಾವನ ಸಾವು ಎರಡು ಪಾಲು. ಬಿಳಿ ಬೂಟಿನದು ಒಂದು, ಅದನ್ನು ಅವನಿಗೆ ಕೊಟ್ಟಾಯಿತು. ಇನ್ನೊಂದು ನನ್ನದು, ಇಲ್ಲಿ ಕೂತು ತೆಗೆದುಕೊಳ್ಳುತ್ತೇನೆ. ಅಂಗೈ ವಾಸಿ ಮಾಡಿಕೋ, ಬೇರೆ ಕೆಲಸ ಹುಡುಕಿಕೋ. ಇದರಲ್ಲಿ ನಿನಗೆ ಪಾಲಿಲ್ಲ. ಕೇಳಿಕೊಂಡು ಬರಬೇಡ.

ನಿನ್ನ ಅಕ್ಕ